ಬಾಯೂ ಕಸೂತಿ ಪಟ: ಗೆದ್ದವರ ವಾದವೋ, ಬದುಕಿನ ದಾಖಲೆಯೋ?

ಹೊತ್ತಗೆಹುಳು

ಫ್ರಾನ್ಸಿನ ನಾರ್ಮಂಡಿಯಲ್ಲಿರುವ ಬಾಯೂ ಪಟ್ಟಣದ ಪ್ರಸಿದ್ಧ ಕಸೂತಿ ಪಟವನ್ನು 2026ರ ಸೆಪ್ಟೆಂಬರ್‌ನಿಂದ 2027ರ ಜುಲೈವರೆಗೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಪ್ರದರ್ಶಿಸಲಾಗುವುದೆಂದು 2025ರ ಜುಲೈನಲ್ಲಿ ಪ್ರಕಟವಾದ ಮೇಲೆ ಅದರ ಬಗ್ಗೆ ಬರೆದವರಿಗೆ ಲೆಕ್ಕವಿಲ್ಲ. ಬಹುತೇಕರು ಅದನ್ನು 1066ರ ಯುದ್ಧದ ಕಣ್ಣಾರೆ ಕಂಡ ವರದಿಯೆಂಬಂತೆ ಬಣ್ಣಿಸಿದ್ದಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ.

ಪಟವನ್ನು ನೋಡದವರಿಗಾಗಿ ಒಂದಿಷ್ಟು ವಿವರ. ಒಂಬತ್ತು ಲಿನನ್ ತುಂಡುಗಳನ್ನು ಜೋಡಿಸಿದ, ಸುಮಾರು 70 ಮೀಟರ್ ಉದ್ದದ, ಅರ್ಧ ಮೀಟರ್ ಅಗಲದ ಪಟ್ಟಿ ಅದು. ಅದರ ಮೇಲೆ ಬಣ್ಣದ ಉಣ್ಣೆ ನೂಲಿನಲ್ಲಿ 58 ದೃಶ್ಯಗಳನ್ನು ಹೊಲಿದು, ನೆತ್ತಿಯ ಮೇಲೆ ಚಿಕ್ಕ ಚಿಕ್ಕ ಲ್ಯಾಟಿನ್ ವಾಕ್ಯಗಳಲ್ಲಿ ಕಥೆ ಹೇಳಿದ್ದಾರೆ. ಇಂಗ್ಲೆಂಡಿನ ಮಕ್ಕಳಿಲ್ಲದ ಮುದಿ ರಾಜ ಎಡ್ವರ್ಡ್ ತನ್ನ ಭಾವಮೈದುನ ಹೆರಾಲ್ಡ್‌ನೊಡನೆ ಮಾತಾಡುವುದರಿಂದ ಕಥೆ ಮೊದಲಾಗುತ್ತದೆ. ಹೆರಾಲ್ಡ್ ಕಡಲು ದಾಟಿ ಸೆರೆಸಿಕ್ಕು, ನಾರ್ಮಂಡಿಯ ಡ್ಯೂಕ್ ವಿಲಿಯಂನಿಂದ ಬಿಡುಗಡೆ ಪಡೆದು, ಅವನ ಜೊತೆ ನೆರೆಯ ಬ್ರಿಟನಿ ಪ್ರಾಂತ್ಯದ ದಂಡಯಾತ್ರೆಗೆ ಹೋಗಿ, ಕೊನೆಗೆ ಪವಿತ್ರ ಅವಶೇಷಗಳ ಪೆಟ್ಟಿಗೆಗಳ ಮೇಲೆ ಎರಡೂ ಕೈಯಿಟ್ಟು ಪ್ರಮಾಣ ಮಾಡುತ್ತಾನೆ. ಊರಿಗೆ ಮರಳಿದವನು ಎಡ್ವರ್ಡ್ ಸತ್ತ ಕೂಡಲೇ ತಾನೇ ಕಿರೀಟ ಧರಿಸುತ್ತಾನೆ. ಬಾಲದ ನಕ್ಷತ್ರ ಕಾಣಿಸುತ್ತದೆ. ವಿಲಿಯಂ ಹಡಗು ಕಟ್ಟಿಸಿ, ಕಡಲು ದಾಟಿ, 1066ರ ಅಕ್ಟೋಬರ್ 14ರಂದು ಹೇಸ್ಟಿಂಗ್ಸ್ ಬಳಿ ಹೆರಾಲ್ಡ್‌ನನ್ನು ಸೋಲಿಸುತ್ತಾನೆ.

ನನ್ನ ವಾದ ಇಷ್ಟೆ. ಯಾರು ಸಿಂಹಾಸನಕ್ಕೆ ಅರ್ಹರು, ಯಾರು ಮಾತಿಗೆ ತಪ್ಪಿದರು ಎಂಬುದನ್ನು ಹೇಳುವಾಗ ಈ ಪಟ ಒಂದು ಕಕ್ಷಿಯ ವಕೀಲನಂತೆ ಮಾತಾಡುತ್ತದೆ. ಆದರೆ ಮರ ಕಡಿಯುವ, ಹಡಗಿಗೆ ಹಲಗೆ ಜೋಡಿಸುವ, ಮಾಂಸ ಬೇಯಿಸುವ, ಹೊಲ ಉಳುವ ಜನರನ್ನು ತೋರಿಸುವಾಗ ಅದಕ್ಕೆ ಏನನ್ನೂ ಸಾಧಿಸಬೇಕಿರಲಿಲ್ಲ. ಆದ್ದರಿಂದ ಅದರ ನಿಜವಾದ ಸಾಕ್ಷ್ಯ ಅಲ್ಲಿದೆ. ಬಲ್ಲವರು ಇದನ್ನು ಒರೆಗೆ ಹಚ್ಚಬೇಕೆಂದು ಕೋರುತ್ತೇನೆ.

ಸೂಜಿಮೊನೆ

ಇತಿಹಾಸಕಾರರು ಈ ಪಟವನ್ನು ಓದುವುದು ಚಿತ್ರವೆಂದು. ನಾನು ಧಾರವಾಡದ ಕಸೂತಿ ಹಾಕುವವಳಾದ್ದರಿಂದ ನನ್ನ ಕಣ್ಣು ಮೊದಲು ಹೊಲಿಗೆಯ ಮೇಲೆ ಹೋಗುತ್ತದೆ. ನಮ್ಮ ಗವಂತಿ ಹೊಲಿಗೆಯಲ್ಲಿ ನೂಲು ಹೋದ ದಾರಿಯಲ್ಲೇ ಮರಳಿ ಬರುವುದರಿಂದ ಬಟ್ಟೆಯ ಎರಡೂ ಮೈ ಒಂದೇ ರೀತಿ ಕಾಣುತ್ತದೆ. ಬಾಯೂ ಪಟದ ಕೆಲಸ ಇದಕ್ಕೆ ತೀರ ವಿರುದ್ಧ. ಆಕೃತಿಯ ಹೊರಗೆರೆಯನ್ನು ಕಾಂಡದ ಹೊಲಿಗೆಯಲ್ಲಿ ಎಳೆದು, ಒಳಗಿನ ಜಾಗಕ್ಕೆ ಉಣ್ಣೆಯ ಎಳೆಗಳನ್ನು ಒತ್ತೊತ್ತಾಗಿ ಹಾಸುತ್ತಾರೆ. ಆ ಹಾಸಿನ ಮೇಲೆ ಅಡ್ಡಲಾಗಿ, ನಡುವೆ ಕೆಲವೇ ಮಿಲಿಮೀಟರ್ ಬಿಟ್ಟು ಬೇರೆ ಎಳೆಗಳನ್ನಿಟ್ಟು, ಅವನ್ನು ಪುಟ್ಟ ಪುಟ್ಟ ಹೊಲಿಗೆಗಳಿಂದ ಬಟ್ಟೆಗೆ ಬಂಧಿಸುತ್ತಾರೆ. ಎಳೆ ಅಂಚಿನಲ್ಲಿ ಮಾತ್ರ ಬಟ್ಟೆಯೊಳಗೆ ಇಳಿಯುವುದರಿಂದ ಹಿಂಬದಿಗೆ ನೂಲು ಹೋಗುವುದೇ ಕಡಿಮೆ. ಬಣ್ಣ ಹಾಕಿದ ನೂಲೆಲ್ಲ ಕಣ್ಣಿಗೆ ಬೀಳುವ ಕಡೆಯೇ ಉಳಿಯುತ್ತದೆ, ಕೆಲಸವೂ ಬೇಗ ಸಾಗುತ್ತದೆ. 70 ಮೀಟರ್ ಬಟ್ಟೆ ತುಂಬಿಸಬೇಕಾದವರು ಯೋಚಿಸಿ ಆರಿಸಿಕೊಂಡ ವಿಧಾನವಿದು.

ಮುಖ ಮತ್ತು ಕೈಗಳಿಗೆ ಅವರು ನೂಲು ತುಂಬಿಸಿಯೇ ಇಲ್ಲ. ಬರಿಯ ಗೆರೆ ಎಳೆದು ಲಿನನ್ನಿನ ಬಣ್ಣವನ್ನೇ ಚರ್ಮದ ಬಣ್ಣವಾಗಿಸಿದ್ದಾರೆ. ಬಣ್ಣಗಳು ಸುಮಾರು ಹತ್ತು. ಕೆಂಪು ಬಂದದ್ದು ನಮ್ಮ ಮಂಜಿಷ್ಠದ ಹತ್ತಿರದ ಸಂಬಂಧಿಯಾದ ಮ್ಯಾಡರ್ ಗಿಡದ ಬೇರಿನಿಂದ, ಹಳದಿ ವೆಲ್ಡ್ ಎಂಬ ಗಿಡದಿಂದ, ನೀಲಿ ವೋಡ್ ಎಲೆಯಿಂದ. ವೋಡ್ ಗಿಡದಲ್ಲಿರುವ ನೀಲಿ ದ್ರವ್ಯವೂ ನಮ್ಮ ನೀಲಿ ಗಿಡದಲ್ಲಿರುವ ದ್ರವ್ಯವೂ ಒಂದೇ. ಕುದುರೆಗಳನ್ನು ಗಮನಿಸಿ: ಮೈ ನೀಲಿಯಾಗಿದ್ದರೆ ಆಚೆ ಬದಿಯ ಕಾಲುಗಳು ಕೆಂಪೋ ಹಳದಿಯೋ ಆಗಿರುತ್ತವೆ. ಅದು ಬಣ್ಣದ ಹುಚ್ಚಾಟವಲ್ಲ, ಯಾವ ಕಾಲು ಹತ್ತಿರ, ಯಾವುದು ದೂರ ಎಂದು ತಿಳಿಸುವ ಉಪಾಯ. ನೆರಳು ಹಾಕಿ ದೂರ ತೋರಿಸುವ ಕಲೆ ಬೇಕಿಲ್ಲದೆ ಕೆಲಸ ಮುಗಿಯುತ್ತದೆ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯವೆನಿಸುತ್ತದೆ. ಮೊದಲ ಮತ್ತು ಎರಡನೆಯ ತುಂಡು ಸೇರುವ ಜಾಗದಲ್ಲಿ ಅಂಚಿನ ಗೆರೆಗಳು ಒಂದಕ್ಕೊಂದು ಸರಿಯಾಗಿ ಕೂಡುವುದಿಲ್ಲ. ಮುಂದಿನ ಜೋಡಣೆಗಳು ಎಷ್ಟು ನಾಜೂಕಾಗಿವೆಯೆಂದರೆ ಹುಡುಕಿ ನೋಡಬೇಕು. ತುಂಡುಗಳನ್ನು ಬೇರೆ ಬೇರೆಯಾಗಿ ಹೊಲಿದು ಆಮೇಲೆ ಕೂಡಿಸಿದ್ದಾರೆ, ಮೊದಲ ಜೋಡಣೆಯಲ್ಲಿ ಎಡವಿದ ಮೇಲೆ ಅಳತೆಯನ್ನು ಬಿಗಿಗೊಳಿಸಿದ್ದಾರೆ ಎಂದು ನಾನು ಓದಿಕೊಳ್ಳುತ್ತೇನೆ. ದಿನನಿತ್ಯದ ಬದುಕಿನ ದಾಖಲೆ ಎಂದರೆ ಚಿತ್ರದಲ್ಲಿರುವ ಅಡುಗೆಮನೆಯಷ್ಟೇ ಅಲ್ಲ, ಆ ಕೆಲಸದ ಕೋಣೆಯೂ ಈ ಬಟ್ಟೆಯಲ್ಲಿ ದಾಖಲಾಗಿದೆ.

ಶಾಸನಪ್ರಿಯ

ಹೊತ್ತಗೆಹುಳು ಅವರ ಮಾತಿನ ಮೊದಲರ್ಧಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಅದಕ್ಕೆ ಆಧಾರಗಳನ್ನು ಸೇರಿಸುತ್ತೇನೆ.

ಪಟದಲ್ಲಿ ರಾಜರು, ಕುಲೀನರು, ಬಿಷಪ್ಪರನ್ನು ಬಿಟ್ಟರೆ ಹೆಸರು ಪಡೆದವರು ಬೆರಳೆಣಿಕೆಯ ಜನ. ಅವರಲ್ಲಿ ವಡಾರ್ಡ್ ಮತ್ತು ವಿಟಾಲ್ ಎಂಬ ಇಬ್ಬರು ಇತಿಹಾಸದ ಬೇರೆ ಕಥನಗಳಲ್ಲಿ ಸುಳಿಯುವುದೇ ಇಲ್ಲ. ವಡಾರ್ಡ್ ಸೇನೆಗೆ ಆಹಾರ ಸಂಗ್ರಹಿಸುವ ಕಡೆ ಕುದುರೆಯ ಮೇಲೆ ಕುಳಿತಿದ್ದಾನೆ, ವಿಟಾಲ್ ಶತ್ರುಸೇನೆಯ ಸುಳಿವು ತರುತ್ತಾನೆ. ಆದರೆ 1086ರ ಡೂಮ್ಸ್‌ಡೇ ಭೂದಾಖಲೆಯಲ್ಲಿ ಈ ಹೆಸರಿನವರು ಸಿಗುತ್ತಾರೆ. ಇಬ್ಬರೂ ಬಾಯೂ ನಗರದ ಬಿಷಪ್ ಓಡೋನ ಕೈಕೆಳಗೆ ಜಮೀನು ಪಡೆದವರು. ಓಡೋ ವಿಲಿಯಂನ ಮಲಸಹೋದರ, ವಿಜಯದ ನಂತರ ಕೆಂಟ್ ಪ್ರಾಂತ್ಯದ ಒಡೆಯ. ಪಟದಲ್ಲಿ ಅವನು ಭೋಜನಕ್ಕೆ ಮುನ್ನ ಅನ್ನಪಾನಗಳನ್ನು ಹರಸುತ್ತಾನೆ, ಯುದ್ಧದ ಸಭೆಯಲ್ಲಿ ವಿಲಿಯಂನ ಪಕ್ಕದಲ್ಲಿ ಕೂರುತ್ತಾನೆ, ರಣರಂಗದಲ್ಲಿ ದಂಡ ಬೀಸುತ್ತ ಬೆದರಿದ ತರುಣರಿಗೆ ಧೈರ್ಯ ತುಂಬುತ್ತಾನೆ. ಪಟ ಮಾಡಿಸಿದವನು ಯಾರೆಂದು ಊಹಿಸಲು ಇದಕ್ಕಿಂತ ಹೆಚ್ಚೇನು ಬೇಕು? ಬಹುಪಾಲು ವಿದ್ವಾಂಸರು ಓಡೋ ಮಾಡಿಸಿದನೆಂದೂ, ಅವನ ಅಧಿಕಾರದಲ್ಲಿದ್ದ ಕೆಂಟ್‌ನ ಕ್ಯಾಂಟರ್ಬರಿಯಲ್ಲಿ 1070ರ ದಶಕದ ಸುಮಾರಿಗೆ ಸಿದ್ಧವಾಯಿತೆಂದೂ ಒಪ್ಪುತ್ತಾರೆ.

ಪ್ರಮಾಣದ ದೃಶ್ಯವನ್ನೇ ತೆಗೆದುಕೊಳ್ಳಿ. ವಿಲಿಯಂನ ಆಸ್ಥಾನಕ್ಕೆ ಸೇರಿದ್ದ ಪೊಯಿಟಿಯರ್ಸ್‌ನ ವಿಲಿಯಂ ಎಂಬ ಇತಿಹಾಸಕಾರ ಆ ಪ್ರಮಾಣ ಬಾನ್‌ವಿಲ್‌ನಲ್ಲಿ ನಡೆಯಿತೆನ್ನುತ್ತಾನೆ. ಮುಂದಿನ ಪೀಳಿಗೆಯ ಆರ್ಡೆರಿಕ್ ರೂವಾನ್ ಎನ್ನುತ್ತಾನೆ. ಪಟವೊಂದೇ ಅದನ್ನು ಬಾಯೂ ನಗರಕ್ಕೆ ತರುತ್ತದೆ. ಅಂದರೆ ಓಡೋನ ಊರಿಗೆ! ಆಮೇಲೆ, ಪಟದಲ್ಲಿ ಇಲ್ಲದ್ದು. ಹೇಸ್ಟಿಂಗ್ಸ್‌ಗೆ ಮೂರು ವಾರ ಮೊದಲು, ಸೆಪ್ಟೆಂಬರ್ 25ರಂದು, ಹೆರಾಲ್ಡ್ ಉತ್ತರದ ಸ್ಟ್ಯಾಮ್‌ಫರ್ಡ್ ಸೇತುವೆಯ ಬಳಿ ನಾರ್ವೆಯ ರಾಜನನ್ನು ಕೊಂದು ದೊಡ್ಡ ಜಯ ಪಡೆದಿದ್ದ. ಆ ದಣಿದ ಸೇನೆಯ ಒಂದು ಭಾಗದೊಡನೆ ಧಾವಿಸಿ ಬಂದು ಅವನು ವಿಲಿಯಂನನ್ನು ಎದುರಿಸಿದ. ಪಟದಲ್ಲಿ ಇದರ ಸುಳಿವೇ ಇಲ್ಲ. ದಣಿದವನನ್ನು ಗೆದ್ದ ಕಥೆಗೂ ಮಾತಿಗೆ ತಪ್ಪಿದವನನ್ನು ದೇವರು ದಂಡಿಸಿದ ಕಥೆಗೂ ಬಹಳ ಅಂತರವಿದೆ.

ಆದರೂ ಈ ವಕೀಲ ಅಷ್ಟೊಂದು ಒರಟನಲ್ಲ ಎನ್ನಬೇಕು. ಹೆರಾಲ್ಡ್ ಉಸುಕಿನಲ್ಲಿ ಹೂತುಹೋಗುತ್ತಿದ್ದ ಇಬ್ಬರು ನಾರ್ಮನ್ ಸೈನಿಕರನ್ನು, ಒಬ್ಬನನ್ನು ಬೆನ್ನ ಮೇಲೆ ಹೊತ್ತು, ಇನ್ನೊಬ್ಬನನ್ನು ಕೈಹಿಡಿದೆಳೆದು ಕಾಪಾಡುತ್ತಾನೆ. ಕಿರೀಟ ಧರಿಸಿದ ಮೇಲೆ, ಸಾಯುವ ದೃಶ್ಯದವರೆಗೂ, ಅವನಿಗೆ ರಾಜ ಎಂಬ ಬಿರುದನ್ನೇ ಕೊಟ್ಟಿದ್ದಾರೆ. ಗೆದ್ದವರ ಬರಹಗಳು ಅವನನ್ನು ಸಿಂಹಾಸನ ಕದ್ದವನೆಂದು ಹೀಗಳೆಯುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಹೊಲಿದ ಕೈಗಳು ಇಂಗ್ಲಿಷರವಾಗಿದ್ದುದರ ಗುರುತು ಇದೇ ಇರಬಹುದೆಂದು ನನಗನಿಸುತ್ತದೆ.

ಕಪ್ಪುಬಿಳುಪು

ಮೊದಲರ್ಧವನ್ನು ಎಲ್ಲರೂ ಒಪ್ಪಿದ ಮೇಲೆ ಎರಡನೆಯ ಅರ್ಧವನ್ನು ಯಾರಾದರೂ ಕೆಣಕಬೇಕಲ್ಲ. ಅಡುಗೆ, ಊಟ, ಹೊಲಗಳ ಚಿತ್ರಗಳಿಗೆ ಉದ್ದೇಶವಿರಲಿಲ್ಲ, ಆದ್ದರಿಂದ ಅವು ನಿಜ ಎಂಬ ತರ್ಕ ನನಗೆ ದುರ್ಬಲವಾಗಿ ತೋರುತ್ತದೆ. ಉದ್ದೇಶವಿಲ್ಲದ ಕಡೆ ಕಲಾವಿದರು ಜೀವನವನ್ನು ನೋಡಿ ಬರೆಯುವುದಿಲ್ಲ, ಕೈಗೆ ಸಿಕ್ಕ ಹಳೆಯ ಚಿತ್ರವನ್ನು ನಕಲು ಮಾಡುತ್ತಾರೆ.

ಉದಾಹರಣೆಗಳು ಹೀಗಿವೆ. ಓಡೋ ಅನ್ನಪಾನಗಳನ್ನು ಹರಸುವ ಭೋಜನದ ದೃಶ್ಯದಲ್ಲಿ ಅರ್ಧವೃತ್ತಾಕಾರದ ಮೇಜು, ನಡುವೆ ಕೈಯೆತ್ತಿದ ಬಿಷಪ್, ಮುಂದೆ ಬಾಗಿದ ಪರಿಚಾರಕ ಇದ್ದಾರೆ. ಕ್ಯಾಂಟರ್ಬರಿಯ ಸಂತ ಅಗಸ್ಟೀನರ ಮಠದಲ್ಲಿ ಆಗಲೇ ಐನೂರು ವರ್ಷ ಹಳೆಯದಾಗಿದ್ದ ಇಟಲಿಯ ಸುವಾರ್ತೆ ಪುಸ್ತಕವೊಂದಿತ್ತು. ಅದರಲ್ಲಿ ಯೇಸುವಿನ ಕೊನೆಯ ಭೋಜನದ ಚಿತ್ರವಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರಿಗೆ ಸಂಬಂಧ ತಾನಾಗಿ ತಿಳಿಯುತ್ತದೆ. ಬ್ರಿಟನಿಯ ಡ್ಯೂಕ್ ಕೊನಾನ್ ಕೋಟೆಯಿಂದ ಹಗ್ಗ ಹಿಡಿದು ಇಳಿದು ಪರಾರಿಯಾಗುವ ಭಂಗಿ, ಬಟ್ಟೆಯ ಅಂಚಿನಲ್ಲಿ ಕವಣೆ ಬೀಸಿ ಹಕ್ಕಿ ಓಡಿಸುವವನ ಭಂಗಿ, ಇವೆರಡಕ್ಕೂ ಹೋಲುವ ಚಿತ್ರಗಳು ಬೈಬಲಿನ ಮೊದಲ ಆರು ಪುಸ್ತಕಗಳ ಹಳೆಯ ಇಂಗ್ಲಿಷ್ ಹಸ್ತಪ್ರತಿಯಲ್ಲಿವೆ. ಅದೂ ಕ್ಯಾಂಟರ್ಬರಿಯದೇ, ಅದೂ ಆ ಮಠದ್ದೇ. ಅದೇ ಹಸ್ತಪ್ರತಿಯಲ್ಲಿ ನೋಹ ಕೊಡಲಿ ಹಿಡಿದು ನಾವೆ ಕಟ್ಟುತ್ತಾನೆ ಎಂಬುದನ್ನೂ ನೆನಪಿಡಿ. ಹೀಗಿರುವಾಗ ಹಡಗು ಕಟ್ಟುವ ದೃಶ್ಯವನ್ನು 1066ರ ನಾರ್ಮಂಡಿಯ ದಡದ ದಾಖಲೆಯೆಂದು ಕರೆಯುವುದು ಹೇಗೆ?

ಅಳಿವೆಬಾಗಿಲು

ಕಪ್ಪುಬಿಳುಪು ಅವರು ಹಡಗಿನ ಮಾತೆತ್ತಿದ್ದರಿಂದ ಬರೆಯುತ್ತಿದ್ದೇನೆ. ದೋಣಿ ಕಟ್ಟುವವರ ನಡುವೆ ಬೆಳೆದವನಾದ್ದರಿಂದ ಆ ಭಾಗವನ್ನು ನಾನು ಮತ್ತೆ ಮತ್ತೆ ದೊಡ್ಡದು ಮಾಡಿ ನೋಡುತ್ತಿರುತ್ತೇನೆ.

ಮೊದಲು ಮರ ಕಡಿಯುವವರು ಬರುತ್ತಾರೆ. ಅವರ ಕೊಡಲಿಗೆ ಉದ್ದ ಹಿಡಿಯಿದೆ, ಸಣ್ಣ ಬಾಯಿಯಿದೆ. ಪಕ್ಕದಲ್ಲಿ ಒಬ್ಬ, ಕವಲೊಡೆದ ಮರದ ಸಂದಿಗೆ ಹಲಗೆಯನ್ನು ಒಡ್ಡಿ ನಿಲ್ಲಿಸಿಕೊಂಡು, ಅದನ್ನು ಕೆತ್ತಿ ನಯ ಮಾಡುತ್ತಿದ್ದಾನೆ. ಅವನ ಕೈಯಲ್ಲಿರುವುದು ಬೇರೆಯದೇ ಕೊಡಲಿ: ಗಿಡ್ಡ ಹಿಡಿ, ಎರಡೂ ಕಡೆ ಚಾಚಿದ ಅಗಲ ಬಾಯಿ. ಕಡಿಯುವ ಕೊಡಲಿಯೇ ಬೇರೆ, ಕೆತ್ತುವ ಕೊಡಲಿಯೇ ಬೇರೆ ಎಂಬುದು ಯಾವ ಬಡಗಿಗೂ ಗೊತ್ತು. ಈ ಚಿತ್ರ ಬಿಡಿಸಿದವರಿಗೂ ಗೊತ್ತಿತ್ತು. ಅದರಾಚೆ ಕಟ್ಟುತ್ತಿರುವ ಎರಡು ಹಡಗುಗಳ ಒಳಗೆ ಕುಳಿತವರು ಕೊಡಲಿ, ಬೈರಿಗೆಗಳಿಂದ ಕೆಲಸ ಮಾಡುತ್ತಿದ್ದಾರೆ. ಇಡೀ ದೃಶ್ಯದಲ್ಲಿ ಗರಗಸವೇ ಇಲ್ಲ.

ಇದು ನಕಲೋ ನಿಜವೋ ಎಂದು ತೀರ್ಮಾನಿಸಲು ಇನ್ನೊಂದು ಚಿತ್ರ ಬೇಕಿಲ್ಲ, ಹಡಗೇ ಬೇಕು. ಅದೃಷ್ಟಕ್ಕೆ ಅದೂ ಇದೆ. ಡೆನ್ಮಾರ್ಕಿನ ರೋಸ್ಕಿಲ್ಡ್ ಬಳಿಯ ಕೊಲ್ಲಿಯಲ್ಲಿ, ಶತ್ರುಗಳ ದಾರಿ ಮುಚ್ಚಲೆಂದು 11ನೇ ಶತಮಾನದಲ್ಲಿ ಮುಳುಗಿಸಿದ್ದ ಐದು ಹಡಗುಗಳನ್ನು 1962ರಲ್ಲಿ ಸ್ಕುಲ್ಡೆಲೆವ್ ಎಂಬಲ್ಲಿ ಮೇಲೆತ್ತಿದರು. ಒಂದರ ಅಂಚಿನ ಮೇಲೆ ಇನ್ನೊಂದು ಹಲಗೆ ಬರುವಂತೆ ಜೋಡಿಸಿ ಕಬ್ಬಿಣದ ಮೊಳೆ ಬಡಿದ ಮೈ, ಬಲಬದಿಯಲ್ಲಿ ಕಟ್ಟಿದ ಚುಕ್ಕಾಣಿ, ಎರಡೂ ತುದಿ ಮೇಲೆದ್ದ ಆಕಾರ, ಇವೆಲ್ಲ ಪಟದಲ್ಲಿರುವಂತೆಯೇ ಇವೆ. ಹಲಗೆಗಳ ಮೇಲೆ ಉಳಿದಿರುವುದು ಕೊಡಲಿಯ ಗುರುತು, ಗರಗಸದ್ದಲ್ಲ. ದಿಮ್ಮಿಯನ್ನು ಸೀಳಿ, ಕೊಡಲಿಯಿಂದ ಕೆತ್ತಿ ಹಲಗೆ ಮಾಡುವುದು ಆ ಕಾಲದ ಉತ್ತರ ಯುರೋಪಿನ ರೂಢಿ. ಪಟದಲ್ಲಿ ಹಡಗಿನ ಒಂದೊಂದು ಹಲಗೆಯ ಸಾಲಿಗೂ ಬೇರೆ ಬೇರೆ ಬಣ್ಣದ ನೂಲು ಹಾಕಿರುವುದರಿಂದ ಈ ಜೋಡಣೆ ದೂರದಿಂದಲೂ ಗೊತ್ತಾಗುತ್ತದೆ.

ನೋಹನ ಚಿತ್ರದಿಂದ ಭಂಗಿ ಬಂದಿರಬಹುದು, ಉಪಕರಣ ಬಂದಿಲ್ಲ. ಹಡಗನ್ನು ನೀರಿಗಿಳಿಸುವ ದೃಶ್ಯದಲ್ಲಿ ಹಗ್ಗವನ್ನು ಒಂದು ಕಂಬಕ್ಕೆ ಕಟ್ಟಿದ ರಾಟೆಯ ಮೂಲಕ ಹಾಯಿಸಿ ಎಳೆಯುತ್ತಾರೆ. ಹಡಗನ್ನು ಮುಂದಕ್ಕೆ, ಕಡಲಿನ ಕಡೆಗೆ ಎಳೆಯಬೇಕಾದರೆ ಎಳೆಯುವವರು ನೀರಿನಲ್ಲಿ ನಿಲ್ಲಬೇಕಾಗುತ್ತದೆ. ರಾಟೆಯಿದ್ದರೆ ಹೆಚ್ಚಿನ ಜನ ದಡದ ಕಡೆಗೇ ನಿಂತು ಎಳೆಯಬಹುದು. ಇಂಥದ್ದು ನೋಡದವನ ಕಲ್ಪನೆಗೆ ಬರುವುದಿಲ್ಲ.

ಹೊತ್ತಗೆಹುಳು

ಕಪ್ಪುಬಿಳುಪು ಅವರ ಆಕ್ಷೇಪಣೆ ನನ್ನ ವಾದವನ್ನು ಬಿಗಿಗೊಳಿಸಿದೆ. ಭಂಗಿ ಮತ್ತು ವಸ್ತು ಎಂಬ ಅಳಿವೆಬಾಗಿಲು ಅವರ ವಿಂಗಡಣೆಯನ್ನು ಊಟದ ದೃಶ್ಯಕ್ಕೂ ಅನ್ವಯಿಸಿ ನೋಡೋಣ.

ಓಡೋನ ಮೇಜು ಪುಸ್ತಕದಿಂದ ಬಂತು ಎಂದು ಒಪ್ಪೋಣ. ಆದರೆ ಆ ಮೇಜಿಗಿಂತ ಸ್ವಲ್ಪ ಮೊದಲು ಏನಿದೆ? ಎರಡು ಕವಲು ಕಂಬಗಳ ನಡುವೆ ಅಡ್ಡಗೋಲು, ಅದಕ್ಕೆ ತೂಗುಹಾಕಿದ ಕಡಾಯಿ, ಕೆಳಗೆ ಬೆಂಕಿ. ಪಕ್ಕದಲ್ಲಿ ಗಡ್ಡದ ಅಡುಗೆಯವನೊಬ್ಬ ಒಲೆಯ ಮೇಲಿಂದ ಏನನ್ನೋ ಚಿಮಟದಿಂದ ಎತ್ತಿ ತಟ್ಟೆಗೆ ಹಾಕುತ್ತಿದ್ದಾನೆ. ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸವನ್ನು ಪರಿಚಾರಕರು ಕೈಯಿಂದ ಕೈಗೆ ದಾಟಿಸುತ್ತಾರೆ. ಅದನ್ನು ಪಡೆಯುವವರಿಗೆ ಮೇಜಿಲ್ಲ, ಗುರಾಣಿಗಳನ್ನೇ ಮಲಗಿಸಿ ಮೇಜು ಮಾಡಿಕೊಂಡಿದ್ದಾರೆ. ಒಬ್ಬ ಊಟಕ್ಕೆ ಕರೆಯಲು ಕೊಂಬು ಊದುತ್ತಾನೆ. ಬಿಷಪ್ಪನ ಮೇಜಿಗೆ ಮಾದರಿ ಪವಿತ್ರ ಗ್ರಂಥದಲ್ಲಿತ್ತು. ಗುರಾಣಿಯ ಮೇಲೆ ಉಣ್ಣುವ ಸೈನಿಕರಿಗೆ ಎಲ್ಲಿತ್ತು? ಶ್ರೀಮಂತರ ಚಿತ್ರಗಳಿಗೇ ಹಳೆಯ ಮಾದರಿಗಳು ಸಿಗುವುದು, ಬಡವರದ್ದನ್ನು ನೋಡಿಯೇ ಬರೆಯಬೇಕಾಗುತ್ತದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಹಡಗಿಗೆ ಸಾಮಾನು ತುಂಬುವ ದೃಶ್ಯದಲ್ಲೂ ಹಾಗೆಯೇ. ಕಬ್ಬಿಣದ ಬಳೆಗಳಿಂದ ಹೆಣೆದ ಕವಚ ಎಷ್ಟು ಭಾರವಾಗಿತ್ತೆಂಬುದನ್ನು ಹೇಳಲು ಮಾತು ಬೇಕಾಗಿಲ್ಲ: ಅದರ ಎರಡೂ ತೋಳುಗಳೊಳಗೆ ಒಂದು ಕೋಲು ತೂರಿಸಿ, ಆ ಕೋಲಿನ ಎರಡು ತುದಿಗಳನ್ನು ಇಬ್ಬರು ಹೆಗಲ ಮೇಲಿಟ್ಟುಕೊಂಡು ಒಂದೇ ಕವಚವನ್ನು ಹೊತ್ತೊಯ್ಯುತ್ತಾರೆ. ಹಿಂದೆ ಗಾಡಿಯಲ್ಲಿ ದೊಡ್ಡ ಪೀಪಾಯಿ ತುಂಬ ದ್ರಾಕ್ಷಾರಸ. ಯುದ್ಧದ ಕಥೆ ಹೇಳುವ ಕವಿಗಳು ಈ ಸಾಗಾಣಿಕೆಯನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ.

ನೂಲೇಣಿ

ನೀವೆಲ್ಲ ಗಂಡಸರ ಬದುಕನ್ನೇ ದಿನನಿತ್ಯದ ಬದುಕೆಂದು ಕರೆಯುತ್ತಿದ್ದೀರಿ. ಪಟದಲ್ಲಿ ಆರುನೂರಕ್ಕೂ ಹೆಚ್ಚು ಮನುಷ್ಯರಿದ್ದಾರೆ. ಮುಖ್ಯ ಪಟ್ಟಿಯಲ್ಲಿರುವ ಹೆಂಗಸರು ಮೂವರೇ. ಒಬ್ಬಳು ಎಡ್ವರ್ಡ್‌ನ ಮರಣಶಯ್ಯೆಯ ಕಾಲುದೆಸೆಯಲ್ಲಿ ಅಳುತ್ತಿರುವ ರಾಣಿ. ಅವಳ ಹೆಸರನ್ನೂ ಬರೆದಿಲ್ಲ. ಇನ್ನೊಬ್ಬಳು ಎಲ್ಫ್‌ಗೀವಾ. ಅವಳಿಗೆ ಹೆಸರಿದೆ, ಆದರೆ ವಾಕ್ಯ ಪೂರ್ತಿಯಾಗಿಲ್ಲ. "ಇಲ್ಲಿ ಒಬ್ಬ ಪಾದ್ರಿ ಮತ್ತು ಎಲ್ಫ್‌ಗೀವಾ" ಎಂದು ಬರೆದು ಕ್ರಿಯಾಪದವನ್ನೇ ಬಿಟ್ಟಿದ್ದಾರೆ. ಪಾದ್ರಿ ಅವಳ ಕೆನ್ನೆ ಮುಟ್ಟುತ್ತಿದ್ದಾನೆ, ಕೆಳಗಿನ ಅಂಚಿನಲ್ಲಿ ಬೆತ್ತಲೆ ಗಂಡಸೊಬ್ಬ ಅವನ ಭಂಗಿಯನ್ನೇ ಅಣಕಿಸುತ್ತಿದ್ದಾನೆ. ಆ ಕಾಲದ ನೋಡುಗರಿಗೆ ಯಾವುದೋ ಹಗರಣ ಥಟ್ಟನೆ ಹೊಳೆಯುತ್ತಿತ್ತು, ವಾಕ್ಯ ಮುಗಿಸುವ ಅಗತ್ಯವಿರಲಿಲ್ಲ.

ಮೂರನೆಯವಳೇ ನನ್ನ ಮಟ್ಟಿಗೆ ಇಡೀ ಪಟದ ಮುಖ್ಯ ವ್ಯಕ್ತಿ. ಯುದ್ಧಕ್ಕೆ ಮುಂಚೆ ನಾರ್ಮನ್ನರು ಒಂದು ಮನೆಗೆ ಪಂಜಿನಿಂದ ಬೆಂಕಿಯಿಡುತ್ತಾರೆ. "ಇಲ್ಲಿ ಮನೆಯನ್ನು ಸುಡಲಾಗುತ್ತದೆ" ಎಂದಷ್ಟೇ ಬರಹ. ಯಾರ ಮನೆ, ಏಕೆ, ಯಾರ ಅಪ್ಪಣೆ ಎಂದಿಲ್ಲ. ಆ ಮನೆಯಿಂದ ಒಬ್ಬ ಹೆಂಗಸು ಮಗುವಿನ ಕೈಹಿಡಿದು ಹೊರಗೆ ಬರುತ್ತಿದ್ದಾಳೆ. ಬೆಂಕಿ ಇಡುವವರು ಅವಳಿಗಿಂತ ದೊಡ್ಡ ಆಕೃತಿಗಳು. ಇದು ವಿಜಯದ ಪಟವೆಂದಾದರೆ ಈ ಹೆಂಗಸು ಅಲ್ಲಿ ಏಕಿರಬೇಕಿತ್ತು? ವಕೀಲರ ಕಡತದೊಳಗೆ ಎದುರು ಪಕ್ಷದ ಸಾಕ್ಷಿಯನ್ನು ಯಾರೋ ಸೇರಿಸಿಟ್ಟಿದ್ದಾರೆ.

ಹೊಲಿದವರು ಹೆಂಗಸರೆಂದು ನೇರವಾದ ದಾಖಲೆ ಇಲ್ಲ. ಆದರೆ ಇಂಗ್ಲೆಂಡಿನ ಸೂಜಿಕೆಲಸಕ್ಕೆ ಯುರೋಪಿನಲ್ಲೆಲ್ಲ ಹೆಸರಿತ್ತು. ಶಾಸನಪ್ರಿಯ ಅವರು ಹೇಳಿದ ಡೂಮ್ಸ್‌ಡೇ ದಾಖಲೆಯಲ್ಲೇ ಅಂಥ ಇಬ್ಬರು ಹೆಂಗಸರಿದ್ದಾರೆ. ಬಕಿಂಗ್‌ಹ್ಯಾಮ್ ಪ್ರಾಂತ್ಯದ ಎಲ್ಫ್‌ಗೀತ್ ಎಂಬ ಕನ್ಯೆ, ಷೆರಿಫನ ಮಗಳಿಗೆ ಚಿನ್ನದ ಎಳೆಯ ಕೆಲಸ ಕಲಿಸುವ ಸಲುವಾಗಿ ಅವನಿಂದ ಜಮೀನು ಪಡೆದಿದ್ದಳು. ವಿಲ್ಟ್‌ಷೈರಿನ ಲಿಯೋಫ್‌ಗೀತ್ ರಾಜ ರಾಣಿಯರಿಗೆ ಚಿನ್ನದ ಕಸೂತಿ ಮಾಡಿಕೊಡುತ್ತಿದ್ದಳು. ಇವರು ಬಾಯೂ ಪಟ ಹೊಲಿದರೆಂದು ನಾನು ಹೇಳುತ್ತಿಲ್ಲ. ಈ ಕೆಲಸಕ್ಕೆ ಜಮೀನಿನ ಬೆಲೆಯಿತ್ತು, ಅದನ್ನು ಬಲ್ಲ ಹೆಂಗಸರ ಹೆಸರು ತೆರಿಗೆಯ ದಾಖಲೆಯಲ್ಲಿ ಉಳಿಯುವಷ್ಟು ಮುಖ್ಯವಾಗಿತ್ತು ಎಂದಷ್ಟೇ ನನ್ನ ಮಾತು.

ಥೇಮ್ಸ್‌ದಂಡೆ

ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಇಲ್ಲಿನ ಊರ ವಸ್ತುಸಂಗ್ರಹಾಲಯದಲ್ಲಿ ಬಾಯೂ ಪಟದ ಪೂರ್ಣ ಗಾತ್ರದ ನಕಲೊಂದಿದೆ. ನೂಲೇಣಿ ಅವರ ಮಾತಿಗೆ ಅದು ಚೆನ್ನಾಗಿ ಒದಗುತ್ತದೆ. ಲೀಕ್ ಎಂಬ ಊರಿನ ಎಲಿಜಬೆತ್ ವಾರ್ಡಲ್ ಅವರ ಮುಂದಾಳತ್ವದಲ್ಲಿ ಮೂವತ್ತಕ್ಕೂ ಹೆಚ್ಚು ಹೆಂಗಸರು ಇದನ್ನು 1885-86ರಲ್ಲಿ ಹೊಲಿದರು. ಪ್ರತಿಯೊಬ್ಬರೂ ತಾವು ಹೊಲಿದ ಭಾಗದ ಕೆಳಗೆ ತಮ್ಮ ಹೆಸರನ್ನು ಹೊಲಿದಿದ್ದಾರೆ. ಮೂಲದಲ್ಲಿ ಇಲ್ಲದ ಹೆಸರುಗಳು ನಕಲಿನಲ್ಲಿವೆ. ಮೂಲದಲ್ಲಿರುವ ಬೆತ್ತಲೆತನ ನಕಲಿನಲ್ಲಿಲ್ಲ: ಅಂಚಿನ ಬೆತ್ತಲೆ ಗಂಡಸರಿಗೆ ಚಡ್ಡಿ ತೊಡಿಸಿದ್ದಾರೆ! ಅದರ ಹೊಣೆ ಈ ಹೆಂಗಸರದಲ್ಲ. ಅವರಿಗೆ ಮಾದರಿಯಾಗಿ ಸಿಕ್ಕ ಫೋಟೋಗಳಲ್ಲೇ ಆ ಭಾಗಗಳನ್ನು ಯಾರೋ ತಿದ್ದಿ ಮುಚ್ಚಿದ್ದರು.

ಒಂದು ಅಡ್ಡಮಾತು. ಆ ನಕಲಿನ ಉಣ್ಣೆಗೆ ಬಣ್ಣ ಹಾಕಿಸಿದವರು ಎಲಿಜಬೆತ್ ಅವರ ಪತಿ ಥಾಮಸ್ ವಾರ್ಡಲ್. ನಮ್ಮ ದೇಶದ ಟಸರ್ ರೇಷ್ಮೆಗೆ ಬಣ್ಣ ಹಿಡಿಸುವ ವಿಧಾನ ಕಂಡುಕೊಂಡು ಹೆಸರಾದವರು ಅವರೇ.

ಕಪ್ಪುಬಿಳುಪು

ಗುರಾಣಿಯ ಮೇಜಿನ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಸಂತೋಷದಿಂದಲೇ ಹೇಳುತ್ತೇನೆ. ಆದರೆ ಇನ್ನೊಂದು ಎಚ್ಚರಿಕೆ ಉಳಿದಿದೆ. ನಾವು ನೋಡುತ್ತಿರುವುದು 11ನೇ ಶತಮಾನದ ಹೊಲಿಗೆಯನ್ನು ಮಾತ್ರವಲ್ಲ.

ಹೆರಾಲ್ಡ್ ಕಣ್ಣಿಗೆ ಬಾಣ ತಾಗಿ ಸತ್ತನೆಂಬ, ಇಂಗ್ಲೆಂಡಿನ ಶಾಲೆಯ ಮಕ್ಕಳೆಲ್ಲ ಬಲ್ಲ ಚಿತ್ರವನ್ನೇ ನೋಡಿ. "ಇಲ್ಲಿ ರಾಜ ಹೆರಾಲ್ಡ್ ಹತನಾದನು" ಎಂಬ ಬರಹದ ಕೆಳಗೆ ಇಬ್ಬರಿದ್ದಾರೆ. ನಿಂತಿರುವವನು ತನ್ನ ಮುಖದ ಹತ್ತಿರ ಒಂದು ಬಾಣವನ್ನು ಹಿಡಿದಿದ್ದಾನೆ. ಅವನ ಪಕ್ಕದಲ್ಲಿ ಕೆಳಗೆ ಬೀಳುತ್ತಿರುವವನ ತೊಡೆಯನ್ನು ಕುದುರೆ ಸವಾರ ಕತ್ತಿಯಿಂದ ಕಡಿಯುತ್ತಿದ್ದಾನೆ. 1730ರ ಸುಮಾರಿಗೆ ಆಂತ್ವಾನ್ ಬನ್ವಾ ಈ ಪಟವನ್ನು ನೋಡಿ ಬಿಡಿಸಿದ ಚಿತ್ರದಲ್ಲಿ ಮೊದಲನೆಯವನ ಕೈಯಲ್ಲಿರುವುದು ಬರಿಯ ಕೋಲಿನಂತಿದೆ. ಬಾಣದ ಹಿಂದಿನ ಗರಿಗಳು ಅದರಲ್ಲಿಲ್ಲ, ಅವನು ಈಟಿ ಎಸೆಯುತ್ತಿರುವಂತೆಯೂ ಕಾಣುತ್ತದೆ. ಗರಿಗಳು ಕಾಣಿಸಿಕೊಳ್ಳುವುದು 19ನೇ ಶತಮಾನದಲ್ಲಿ. ಇನ್ನೂ ವಿಚಿತ್ರವೆಂದರೆ, ಬೀಳುತ್ತಿರುವ ಎರಡನೆಯವನ ತಲೆಯ ಬಳಿ ಈಗ ನೂಲಿಲ್ಲದ ಸೂಜಿಯ ತೂತುಗಳ ಸಾಲೊಂದಿದೆ. ಒಂದು ಕಾಲದಲ್ಲಿ ಅವನಿಗೂ ಬಾಣ ಹೊಲಿದಿದ್ದರೇನೋ. ಆ ತೂತುಗಳು ಮೂಲದವೋ, ದುರಸ್ತಿಯ ಕಾಲದವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಸೂಜಿಮೊನೆ ಅವರು ಇದಕ್ಕೇನು ಹೇಳುತ್ತಾರೆ?

ಸೂಜಿಮೊನೆ

ತೂತು ಯಾವ ಕಾಲದ್ದೆಂದು ತೂತನ್ನು ನೋಡಿ ಹೇಳಲಾಗದು. ನೂಲು ಉಳಿದಿದ್ದರೆ ಮಾತು ಬೇರೆ. 1982-83ರಲ್ಲಿ ಪಟವನ್ನು ಹೊಸ ಕಟ್ಟಡಕ್ಕೆ ಸಾಗಿಸುವ ಮುಂಚೆ ಅದರ ಹಿಂಬದಿಯನ್ನು ಪರೀಕ್ಷಿಸಿ ಫೋಟೋ ತೆಗೆದಿದ್ದಾರೆ. ಹಿಂಬದಿಯಲ್ಲಿ ಬೆಳಕು ಬೀಳದ್ದರಿಂದ ಹಳೆಯ ಉಣ್ಣೆಯ ಬಣ್ಣ ಹೆಚ್ಚು ಉಳಿದಿದೆ. ದುರಸ್ತಿಯ ನೂಲು ಬಣ್ಣದಲ್ಲೂ ಗಂಟು ಹಾಕುವ ರೀತಿಯಲ್ಲೂ ಬೇರೆಯಾಗಿ ಕಾಣುತ್ತದೆ. ಹೊಲಿಗೆಯ ಸುಳ್ಳು ಹಿಂಬದಿಯಲ್ಲಿ ಸಿಕ್ಕಿಬೀಳುತ್ತದೆ ಎಂಬುದು ಕಸೂತಿ ಹಾಕುವ ಎಲ್ಲರಿಗೂ ಗೊತ್ತಿರುವ ಮಾತು. ನಾನಾದರೆ ಬಾಣದ ಮೇಲೆ ಯಾವ ಸಿದ್ಧಾಂತವನ್ನೂ ಕಟ್ಟುವುದಿಲ್ಲ.

ಶಾಸನಪ್ರಿಯ

ದುರಸ್ತಿಯ ಮಾತು ಬಂದಿದ್ದರಿಂದ ಪಟದ ಪ್ರಯಾಣವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1476ರ ಬಾಯೂ ಕೆಥೆಡ್ರಲ್ಲಿನ ವಸ್ತುಪಟ್ಟಿಯಲ್ಲಿ ಅದರ ಮೊದಲ ಖಚಿತ ಉಲ್ಲೇಖವಿದೆ: ಹಬ್ಬದ ದಿನಗಳಲ್ಲಿ ಅದನ್ನು ಕೆಥೆಡ್ರಲ್ಲಿನ ನಡುಭಾಗದ ಸುತ್ತ ತೂಗುಹಾಕುತ್ತಿದ್ದರು. ಅದಕ್ಕೆ ಮೊದಲಿನ ನಾಲ್ಕು ಶತಮಾನ ಪೂರ್ತಿ ಕತ್ತಲೆ. 1792ರಲ್ಲಿ, ಕ್ರಾಂತಿಯ ಗದ್ದಲದಲ್ಲಿ, ಸೇನೆಯ ಗಾಡಿಯ ಸಾಮಾನಿಗೆ ಹೊದಿಸಲು ಈ ಬಟ್ಟೆಯನ್ನು ತೆಗೆದುಕೊಂಡಿದ್ದರು. ಲಂಬೇರ್ ಲಿಯೊನಾರ್ ಲಫೊರೆಸ್ತಿಯೆ ಎಂಬ ಸ್ಥಳೀಯ ವಕೀಲ ಬೇರೆ ಬಟ್ಟೆ ಕೊಡಿಸಿ ಇದನ್ನು ಬಿಡಿಸಿಕೊಂಡ. 1803ರ ಕೊನೆಯಲ್ಲಿ ನೆಪೋಲಿಯನ್ ಅದನ್ನು ಪ್ಯಾರಿಸ್ಸಿಗೆ ತರಿಸಿ ಪ್ರದರ್ಶಿಸಿದ, ಏಕೆಂದರೆ ಅವನೂ ಆಗ ಕಡಲು ದಾಟಿ ಇಂಗ್ಲೆಂಡಿನ ಮೇಲೆ ದಂಡೆತ್ತುವ ಸಿದ್ಧತೆಯಲ್ಲಿದ್ದ. 1941ರಲ್ಲಿ ನಾಜಿಗಳ ಸಂಶೋಧನಾ ಸಂಸ್ಥೆಯೊಂದು ಅದರಲ್ಲಿ ಜರ್ಮನಿಕ್ ವೀರರ ಪರಂಪರೆಯನ್ನು ಹುಡುಕಿತು. 1944ರ ಆಗಸ್ಟ್‌ನಲ್ಲಿ ಅದನ್ನು ಪ್ಯಾರಿಸ್ಸಿನ ಲೂವ್ರ್‌ನಿಂದ ಒಯ್ಯಲು ನಾಜಿಗಳ ಎಸ್‌ಎಸ್ ಪಡೆಯವರು ಬಂದಾಗ ಕಾಲ ಮಿಂಚಿತ್ತು. ಪ್ರತಿ ಕಾಲದ ಬಲಶಾಲಿಗೂ ಈ ವಿಜಯದ ಕಥೆ ತನ್ನದೆಂದೇ ಕಂಡಿದೆ. ಬೆಂಕಿ ಹತ್ತಿದ ಮನೆಯ ಹೆಂಗಸನ್ನು ಅವರಲ್ಲಿ ಯಾರೂ ಗಮನಿಸಿದ ಹಾಗಿಲ್ಲ.

ಪಟದ ತುದಿಯೂ ಹೋಗಿದೆ. ಈಗಿನ ಕೊನೆಯಲ್ಲಿ ಇಂಗ್ಲಿಷರು ಓಡಿಹೋಗುವ ದೃಶ್ಯವಿದೆ. ಮೂಲದಲ್ಲಿ 1066ರ ಡಿಸೆಂಬರ್ 25ರ ವಿಲಿಯಂ ಪಟ್ಟಾಭಿಷೇಕದವರೆಗೆ ಕಥೆ ಸಾಗಿತ್ತೆಂದು ಹಲವರು ಊಹಿಸುತ್ತಾರೆ.

ಹೊತ್ತಗೆಹುಳು

ಇನ್ನು ಉಳಿದದ್ದು ಹೊಲದ ಚಿತ್ರ. ಹಕ್ಕಿ ಓಡಿಸುವವನು ಹಸ್ತಪ್ರತಿಯಿಂದ ಬಂದವನಾದರೂ ಅವನ ಜೊತೆಯವರನ್ನು ನೋಡಿ. ಹೇಸರಗತ್ತೆಯಂಥ ಪ್ರಾಣಿಯೊಂದು ಗಾಲಿಯಿರುವ ನೇಗಿಲನ್ನು ಎಳೆಯುತ್ತಿದೆ, ಒಬ್ಬ ಬೀಜ ಬಿತ್ತುತ್ತಿದ್ದಾನೆ, ಅವನ ಹಿಂದೆ ಕುದುರೆಯೊಂದು ಹಲ್ಲಿನ ಕುಂಟೆಯನ್ನು ಎಳೆದು ಬೀಜಕ್ಕೆ ಮಣ್ಣು ಮುಚ್ಚುತ್ತಿದೆ. ಇಂಗ್ಲೆಂಡಿನಲ್ಲಿ ಆಗ ಉಳುಮೆ ಎಂದರೆ ಎತ್ತುಗಳ ಕೆಲಸ. ಕುದುರೆ ಹೊಲಕ್ಕೆ ಕಾಲಿಟ್ಟದ್ದು ಕುಂಟೆಯ ಮೂಲಕ, ವೇಗ ಬೇಕಾದ ಹಗುರ ಕೆಲಸಕ್ಕೆ. ಆ ಬದಲಾವಣೆಯ ಅತಿ ಹಳೆಯ ಚಿತ್ರಗಳಲ್ಲಿ ಇದೂ ಒಂದು. ಮೇಲಿನ ಪಟ್ಟಿಯಲ್ಲಿ ವಿಲಿಯಂನ ದೂತರು ಹೆರಾಲ್ಡ್‌ನನ್ನು ಬಿಡಿಸಲು ಬರುತ್ತಿರುವಾಗ ಕೆಳಗಿನ ಅಂಚಿನಲ್ಲಿ ಈ ಕೆಲಸ ನಡೆಯುತ್ತಿದೆ.

ಪ್ರತ್ಯಕ್ಷವಾಗಿ ನೋಡಲಾಗದವರಿಗೆ, ಬಾಯೂ ವಸ್ತುಸಂಗ್ರಹಾಲಯ 2021ರಲ್ಲಿ ಇಡೀ ಪಟದ ಸೂಕ್ಷ್ಮ ಚಿತ್ರವನ್ನು ಅಂತರ್ಜಾಲದಲ್ಲಿ ಉಚಿತವಾಗಿ ಹಾಕಿದೆ, ಒಂದೊಂದು ಎಳೆಯೂ ಕಾಣುವಷ್ಟು ಹಿಗ್ಗಿಸಬಹುದು. ಮೇಲಂಚಿನಾಚೆ, ಬೆನ್ನಿಗೆ ಕೊಟ್ಟ ಬಟ್ಟೆಯ ಮೇಲೆ, ಬಹಳ ಕಾಲದ ನಂತರ ಶಾಯಿಯಲ್ಲಿ ಬರೆದ ಸಂಖ್ಯೆಗಳಿವೆ. ಇಲ್ಲಿ ಚರ್ಚೆಯಾದವುಗಳಲ್ಲಿ ಉಳುಮೆ 10ನೇ ದೃಶ್ಯದ ಕೆಳಗೆ, ಎಲ್ಫ್‌ಗೀವಾ 15ರಲ್ಲಿ, ಉಸುಕಿನ ಪ್ರಸಂಗ 17ರಲ್ಲಿ, ಪ್ರಮಾಣ 23ರಲ್ಲಿ, ಹಡಗು ಕಟ್ಟುವುದು 35ರಲ್ಲಿ, ಕವಚ ಹೊರುವುದು 37ರಲ್ಲಿ, ಅಡುಗೆ ಮತ್ತು ಊಟ 42, 43ರಲ್ಲಿ, ಸುಡುವ ಮನೆ 47ರಲ್ಲಿ, ಹೆರಾಲ್ಡ್‌ನ ಸಾವು 57ರಲ್ಲಿ ಸಿಗುತ್ತವೆ. ಸೂಜಿಮೊನೆ ಅವರು ಹೇಳಿದ ಕೂಡದ ಅಂಚನ್ನು ಹುಡುಕುವವರು 13ನೇ ದೃಶ್ಯ ಮುಗಿಯುವ ಜಾಗದಲ್ಲಿ ಮೇಲಿನ ಗೆರೆಯನ್ನು ನೋಡಬೇಕು.